200 ಯೂನಿಟ್‌ನೊಳಗೆ ಕಲಬುರಗಿಯ ಬೇಸಿಗೆ: ಒಂದು ಮನೆಯ ಕೆಲಸದ ದಾಖಲೆ

ಕರ್ನಾಟಕ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಡಿ ನಮ್ಮಂಥ ಮನೆಗಳಿಗೆ 2022–23ರ ಸರಾಸರಿ ಮಾಸಿಕ ಬಳಕೆಗೆ ಶೇ 10ರಷ್ಟು ಸೇರಿಸಿ ಒಂದು ಅರ್ಹತಾ ಮಿತಿಯನ್ನು ನಿಗದಿಪಡಿಸಲಾಗಿದೆ. ಆ ಮಿತಿಯೊಳಗಿದ್ದರೆ ಬಿಲ್ ಶೂನ್ಯ; ಮಿತಿ ದಾಟಿದರೂ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳ ಹಣವನ್ನಷ್ಟೇ ಕಟ್ಟಬೇಕು; 200 ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮದೇ. ನಮ್ಮ ಮನೆಯ ಮಿತಿ 140 ಯೂನಿಟ್. ವರ್ಷದ ಬಹುಪಾಲು ನಾವು ಅದರೊಳಗೇ ಇರುತ್ತೇವೆ. ಆದರೆ 2024ರ ಏಪ್ರಿಲ್‌ನಲ್ಲಿ 236, ಮೇ ತಿಂಗಳಲ್ಲಿ 251 ಯೂನಿಟ್ ಬಂದು, ಎರಡೂ ತಿಂಗಳು ಎರಡು ಸಾವಿರ ರೂಪಾಯಿಯ ಆಸುಪಾಸು ಕಟ್ಟಬೇಕಾಯಿತು. ಏ.ಸಿ. ಇಲ್ಲದ, ಕೂಲರ್ ಮತ್ತು ಫ್ಯಾನುಗಳನ್ನೇ ನಂಬಿರುವ ಮನೆಯಲ್ಲಿ ಇಷ್ಟು ವಿದ್ಯುತ್ತು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಹುಡುಕಿ, 2025ರ ಬೇಸಿಗೆಗೆ ಮುಂಚೆ ಸರಿಪಡಿಸಿದ ಕೆಲಸದ ವಿವರ ಇಲ್ಲಿದೆ.

ಮನೆ ಸುಮಾರು 900 ಚದರ ಅಡಿಯ ಆರ್.ಸಿ.ಸಿ. ತಾರಸಿಯದು, ಒಂದು ಹಾಲ್, ಎರಡು ಮಲಗುವ ಕೋಣೆ, ಅಡುಗೆಮನೆ, ಒಂದು ಸಣ್ಣ ಸ್ಟೋರ್ ರೂಮ್. ನೆಲಕ್ಕೆ ಶಹಾಬಾದ್ ಫರ್ಸಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್.

ಹಂತ 1: ಅಳತೆ (ಫೆಬ್ರವರಿ ಕೊನೆಯ ವಾರ)

ಯಾವುದನ್ನೂ ಕೊಳ್ಳುವ ಮೊದಲು ಅಳೆಯಬೇಕೆಂದು ನಿರ್ಧರಿಸಿದ್ದೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಹಾಕಿದ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ 3200 ಇಂಪಲ್ಸ್ ಎಂದು ಮುದ್ರಿಸಿದೆ. ಅಂದರೆ ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಅದರ ಕೆಂಪು ದೀಪ 3200 ಸಲ ಮಿಣುಕುತ್ತದೆ. ಹತ್ತು ನಿಮಿಷದಲ್ಲಿ ಎಷ್ಟು ಸಲ ಮಿಣುಕಿತೆಂದು ಎಣಿಸಿ ಆ ಸಂಖ್ಯೆಯನ್ನು 1.875ರಿಂದ ಗುಣಿಸಿದರೆ ಆ ಹೊತ್ತಿನ ಲೋಡ್ ವ್ಯಾಟ್‌ಗಳಲ್ಲಿ ಸಿಗುತ್ತದೆ. ಬೇರೆ ಮೀಟರುಗಳಲ್ಲಿ ಈ ಇಂಪಲ್ಸ್ ಸಂಖ್ಯೆ ಬೇರೆ ಇರಬಹುದಾದ್ದರಿಂದ ಅವರವರ ಮೀಟರನ್ನು ನೋಡಿಯೇ ಲೆಕ್ಕ ಹಾಕಬೇಕು. ಪ್ಲಗ್ಗಿಗೆ ಹಾಕುವ ಉಪಕರಣಗಳಿಗೆಂದು 850 ರೂಪಾಯಿಯ ಒಂದು ಪ್ಲಗ್ ಮೀಟರನ್ನೂ, ತಾರಸಿಯ ಬಿಸಿ ನೋಡಲು 900 ರೂಪಾಯಿಯ ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ತಂದೆ.

ಫ್ಯಾನುಗಳನ್ನು ಪ್ಲಗ್ ಮೀಟರಿಗೆ ಹಾಕಲಾಗುವುದಿಲ್ಲ. ಉಳಿದದ್ದನ್ನೆಲ್ಲ ಆರಿಸಿ ಒಂದೊಂದೇ ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸಿ, ಮಿಣುಕು ಎಷ್ಟು ಹೆಚ್ಚಿತೆಂದು ಎಣಿಸಿದಾಗ ಒಂದೊಂದೂ 70ರಿಂದ 74 ವ್ಯಾಟ್ ತೋರಿಸಿತು. ಬೇಸಿಗೆಯಲ್ಲಿ ಹಾಲಿನದು ದಿನಕ್ಕೆ 14 ಗಂಟೆ, ಅವ್ವ ಮತ್ತು ಅಪ್ಪನ ಕೋಣೆಯದು 12 ಗಂಟೆ, ನಮ್ಮ ಕೋಣೆಯದು 9 ಗಂಟೆ, ಅಡುಗೆಮನೆಯದು 3 ಗಂಟೆ ಓಡುತ್ತವೆ. ಹಾಗೆ ನೋಡಿದರೆ ಫ್ಯಾನುಗಳೇ ದಿನಕ್ಕೆ ಸುಮಾರು 2.7 ಯೂನಿಟ್. ಹಳೆಯ 190 ಲೀಟರ್ ಫ್ರಿಜ್ ಇಡೀ ದಿನಕ್ಕೆ 1.5, ಕೂಲರ್ 190 ವ್ಯಾಟ್‌ನಂತೆ ಏಳು ಗಂಟೆಗೆ 1.3, ನೀರಿನ ಮೋಟಾರು 0.7. ದೀಪ, ಟಿ.ವಿ., ಮಿಕ್ಸರ್, ಇಸ್ತ್ರಿ ಎಲ್ಲ ಸೇರಿ ಒಂದು ಯೂನಿಟ್‌ಗಿಂತ ಕಡಿಮೆ.

ಇವೆಲ್ಲ ಕೂಡಿದರೂ ಮೇ ತಿಂಗಳ ದಿನಸರಾಸರಿಯಾದ 8.1ಕ್ಕೆ ಒಂದು ಯೂನಿಟ್ ಕಡಿಮೆ ಬೀಳುತ್ತಿತ್ತು. ಆ ಒಂದು ಯೂನಿಟ್ ಎಲ್ಲಿದೆ ಎಂದು ಹುಡುಕಲು ರಾತ್ರಿ ದೀಪ, ಫ್ಯಾನು, ಟಿ.ವಿ.ಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಮೀಟರಿನ ಮುಂದೆ ಕುಳಿತೆ. ಹತ್ತು ನಿಮಿಷದಲ್ಲಿ 30 ಮಿಣುಕು, ಅಂದರೆ 56 ವ್ಯಾಟ್. ಏನೂ ಓಡದಿರುವಾಗಲೂ ಇಷ್ಟು ಹೋಗುತ್ತಿತ್ತು. ಇನ್ವರ್ಟರಿನ ಮುಖ್ಯ ಸಂಪರ್ಕವನ್ನು ತಪ್ಪಿಸಿ ಮತ್ತೆ ಎಣಿಸಿದಾಗ 8 ಮಿಣುಕಿಗೆ ಇಳಿಯಿತು. ಇನ್ವರ್ಟರ್ ಒಂದೇ 41 ವ್ಯಾಟ್ ಎಳೆಯುತ್ತಿತ್ತು. ಹಗಲಿರುಳೂ ಎಳೆದರೆ ತಿಂಗಳಿಗೆ 29 ಯೂನಿಟ್. ಉಳಿದ 15 ವ್ಯಾಟ್‌ನಲ್ಲಿ 10 ವ್ಯಾಟ್ ಸೆಟ್‌ಟಾಪ್ ಬಾಕ್ಸಿನದು, ಮಿಕ್ಕದ್ದು ವೈಫೈ ಪೆಟ್ಟಿಗೆಯದು.

ಹಂತ 2: ಇನ್ವರ್ಟರ್ ಬ್ಯಾಟರಿ (ಮಾರ್ಚ್ ಮೊದಲ ವಾರ)

ಬ್ಯಾಟರಿ 150 ಎ.ಎಚ್. (ಆಂಪಿಯರ್-ಗಂಟೆ) ಸಾಮರ್ಥ್ಯದ ಟ್ಯೂಬ್ಯುಲರ್, ಆರು ವರ್ಷದ್ದು. ವಿದ್ಯುತ್ ಹೋದಾಗ ಎರಡು ಗಂಟೆ ಓಡುತ್ತಿದ್ದುದರಿಂದ ಅದು ಕೆಟ್ಟಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಮುಚ್ಚಳಗಳನ್ನು ತೆಗೆದು ಹೈಡ್ರೋಮೀಟರಿನಲ್ಲಿ ಆಮ್ಲದ ಸಾಂದ್ರತೆ ನೋಡಿದಾಗ ನಾಲ್ಕು ಸೆಲ್‌ಗಳು 1.230ರ ಹತ್ತಿರ, ಎರಡು ಸೆಲ್‌ಗಳು 1.150 ತೋರಿಸಿದವು. ಆ ಎರಡು ಸೆಲ್‌ಗಳು ಎಂದಿಗೂ ತುಂಬುವುದಿಲ್ಲ. ಹಾಗಾಗಿ ಇನ್ವರ್ಟರ್ ಚಾರ್ಜ್ ಮಾಡುವುದನ್ನು ನಿಲ್ಲಿಸುವುದೂ ಇಲ್ಲ. ಬ್ಯಾಟರಿಯ ಮೈ ಬೆಚ್ಚಗಿದ್ದುದು ಇದಕ್ಕೇ.

ಮೊದಲು ಕಡಿಮೆ ಖರ್ಚಿನ ದಾರಿಯನ್ನೇ ನೋಡಿದೆ. ಡಿಸ್ಟಿಲ್ಡ್ ನೀರನ್ನು ಗುರುತಿನವರೆಗೆ ತುಂಬಿ, ಟರ್ಮಿನಲ್‌ಗಳ ಪಾಚಿಯಂಥ ಹಸಿರನ್ನು ಬಿಸಿನೀರಿನಲ್ಲಿ ತೊಳೆದು, ಗ್ರೀಸ್ ಹಚ್ಚಿ, ಬ್ಯಾಟರಿ ಅಂಗಡಿಯಲ್ಲಿ ಒಂದು ರಾತ್ರಿ ನಿಧಾನ ಚಾರ್ಜಿಗೆ ಇಟ್ಟರು. ತಂದು ಜೋಡಿಸಿದ ಮೇಲೆ 41 ವ್ಯಾಟ್ 33ಕ್ಕೆ ಇಳಿದಿತ್ತು, ಒಂದು ವಾರದೊಳಗೆ ಮತ್ತೆ 40 ಮುಟ್ಟಿತು. ದುರ್ಬಲ ಸೆಲ್‌ಗಳು ಹಾಗೆಯೇ ಇದ್ದವು. ಹೊಸ ಬ್ಯಾಟರಿಗೆ, ಹಳೆಯದನ್ನು ಕೊಟ್ಟು, 11,000 ರೂಪಾಯಿ ಆಯಿತು. ಹೊಸದು ಪೂರ್ತಿ ತುಂಬಿದ ಮೇಲೆ ಎಣಿಸಿದರೆ ಇನ್ವರ್ಟರಿನ ಪಾಲು 9 ವ್ಯಾಟ್. ತಿಂಗಳಿಗೆ 23 ಯೂನಿಟ್ ಉಳಿತಾಯ.

ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಹಣ ಹೋಗಿದೆ. ವಿದ್ಯುತ್ ಉಳಿತಾಯ ಒಂದಕ್ಕಾಗಿಯೇ ಬ್ಯಾಟರಿ ಬದಲಿಸಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಐದು ವರ್ಷ ದಾಟಿದ ಬ್ಯಾಟರಿ ಇರುವವರು ಒಮ್ಮೆ ರಾತ್ರಿ ಮಿಣುಕು ಎಣಿಸಿ ನೋಡುವುದು ಒಳ್ಳೆಯದು. ಹೇಗೂ ಬದಲಿಸಬೇಕಾದದ್ದನ್ನು ಬೇಸಿಗೆ ಮುಗಿದ ಮೇಲೆ ಬದಲಿಸುವುದಕ್ಕಿಂತ ಬೇಸಿಗೆಗೆ ಮುಂಚೆ ಬದಲಿಸಿದರೆ ಲಾಭ ಹೆಚ್ಚು.

ಹಂತ 3: ಫ್ರಿಜ್ ಮತ್ತು ಮೋಟಾರು (ಮಾರ್ಚ್ ಎರಡನೆಯ ವಾರ)

ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿಯ ನೋಟನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಬೇಕು. ಬಿಗಿಯಾಗಿ ಬಂದರೆ ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಸರಿಯಿದೆ, ಸಲೀಸಾಗಿ ಜಾರಿ ಬಂದರೆ ಇಲ್ಲ. ನಮ್ಮದರಲ್ಲಿ ಕೆಳಗಿನ ಮೂಲೆಯುದ್ದಕ್ಕೂ ನೋಟು ಜಾರಿ ಬಂದಿತು. ಗ್ಯಾಸ್ಕೆಟ್ಟಿಗೆ ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿ ಮತ್ತೆ ಆಕಾರಕ್ಕೆ ತರುವ ಉಪಾಯವನ್ನು ಮಾಡಿದೆ. ಎರಡು ದಿನ ಹಿಡಿದು ಮತ್ತೆ ಸಡಿಲವಾಯಿತು. ಮಾಡೆಲ್ ಸಂಖ್ಯೆ ಬರೆದುಕೊಂಡು ಹೋಗಿ 450 ರೂಪಾಯಿಗೆ ಹೊಸ ಗ್ಯಾಸ್ಕೆಟ್ ತಂದು ಹಾಕಿದೆ. ಫ್ರೀಜರಿನ ಹಿಮ ಬೆರಳು ದಪ್ಪ ಕಟ್ಟಿತ್ತು, ಅದನ್ನು ಕರಗಿಸಿದೆ. ಚಾಕುವಿನಿಂದ ಕೆರೆಯಬಾರದು, ಒಳಗಿನ ತಗಡು ತೂತಾದರೆ ಗ್ಯಾಸೇ ಹೋಗುತ್ತದೆ. ಫ್ರಿಜ್ ಪಡುವಣ ಗೋಡೆಗೆ ಅಂಟಿಕೊಂಡಿತ್ತು. ಸಂಜೆಯ ಬಿಸಿಲಿಗೆ ಆ ಗೋಡೆ ಒಳಗಿನಿಂದಲೂ ಸುಡುತ್ತದೆ. ಎದುರಿನ ಗೋಡೆಗೆ ಸರಿಸಿ ಹಿಂದೆ ಒಂದು ಗೇಣು ಜಾಗ ಬಿಟ್ಟೆ. ದಿನದ ಬಳಕೆ 1.5ರಿಂದ 1.1ಕ್ಕೆ ಬಂತು.

ಮೋಟಾರಿನದು ಬೇರೆಯದೇ ದೋಷ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಒಂದು ಎಚ್.ಪಿ. ಮೋಟಾರು, ಓಡುವಾಗ 1.05 ಕಿಲೋವ್ಯಾಟ್ ಎಳೆಯುತ್ತದೆ. ಸಾವಿರ ಲೀಟರ್ ಟ್ಯಾಂಕು ತುಂಬಲು 40 ನಿಮಿಷ ಹಿಡಿಯುತ್ತಿತ್ತು. ಪೈಪಿನ ನೀರು ಹಿಂದಿಳಿಯದಂತೆ ತಡೆಯುವ, ಸಂಪಿನೊಳಗಿನ ಫುಟ್ ವಾಲ್ವ್ ಸೋರುತ್ತಿದ್ದುದರಿಂದ ಪ್ರತಿ ಸಲವೂ ಪೈಪಿನ ನೀರು ಕೆಳಗಿಳಿದು, ಮೋಟಾರು ಮೊದಲ ಕೆಲವು ನಿಮಿಷ ಗಾಳಿಯನ್ನೇ ಎಳೆಯುತ್ತಿತ್ತು. ಜೊತೆಗೆ ಜಾಲರಿಗೆ ಗಡಸು ನೀರಿನ ಉಪ್ಪು ಕಟ್ಟಿತ್ತು. ಹೊಸ ವಾಲ್ವ್‌ಗೆ 380, ಪ್ಲಂಬರ್ ಕೂಲಿ 500. ಈಗ 22 ನಿಮಿಷಕ್ಕೆ ಟ್ಯಾಂಕು ತುಂಬುತ್ತದೆ. ತಿಂಗಳಿಗೆ 9 ಯೂನಿಟ್ ಉಳಿತಾಯ.

ಹಂತ 4: ಫ್ಯಾನುಗಳು (ಮಾರ್ಚ್ ಮೂರನೆಯ ವಾರ)

ಹಾಲ್ ಮತ್ತು ಎರಡು ಮಲಗುವ ಕೋಣೆಗಳಿಗೆ 1200 ಮಿಲಿಮೀಟರ್ ರೆಕ್ಕೆಹರವಿನ ಬಿ.ಎಲ್.ಡಿ.ಸಿ. (ಕಡಿಮೆ ವಿದ್ಯುತ್ತಿನ, ಬ್ರಷ್‌ರಹಿತ ಮೋಟಾರಿನ) ಫ್ಯಾನುಗಳನ್ನು ತಲಾ 2,750 ರೂಪಾಯಿಗೆ ತಂದೆವು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಗುರುತು ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ಹೋಲಿಸುವುದು ಸುಲಭ. ಸ್ಟಾರ್ ಜೊತೆಗೆ ಗಾಳಿಯ ಪ್ರಮಾಣವನ್ನೂ ನೋಡಬೇಕು, ವ್ಯಾಟ್ ಕಡಿಮೆಯೆಂದು ಗಾಳಿಯೇ ಬಾರದ ಫ್ಯಾನು ತಂದರೆ ಬಿರು ಬೇಸಿಗೆಯಲ್ಲಿ ಯಾರೂ ಅದರ ಕೆಳಗೆ ಮಲಗಲಾರರು. ಅಡುಗೆಮನೆಯ ಫ್ಯಾನು ದಿನಕ್ಕೆ ಮೂರು ಗಂಟೆ ಮಾತ್ರ ಓಡುವುದರಿಂದ ಅದನ್ನು ಬದಲಿಸಲಿಲ್ಲ.

ಜೋಡಿಸುವಾಗ ಒಂದು ತೊಡಕಾಯಿತು. ಈ ಫ್ಯಾನುಗಳ ವೇಗವನ್ನು ಒಳಗಿನ ಎಲೆಕ್ಟ್ರಾನಿಕ್ ಬೋರ್ಡೇ ನಿಯಂತ್ರಿಸುತ್ತದೆ. ಗೋಡೆಯ ಹಳೆಯ ರೆಗ್ಯುಲೇಟರ್ ದಾರಿಯಲ್ಲಿ ಇರಲೇಬಾರದು. ಬಂದ ಎಲೆಕ್ಟ್ರಿಷಿಯನ್, “ಫುಲ್ ಮ್ಯಾಲೆ ಇಟ್ರ ಏನೂ ಆಗಂಗಿಲ್ರೀ” ಎಂದು ಹಾಲಿನಲ್ಲಿ ರೆಗ್ಯುಲೇಟರನ್ನು ಹಾಗೆಯೇ ಬಿಟ್ಟು ಹೋದರು. ಮನೆಯಲ್ಲಿ ಯಾರೋ ಅಭ್ಯಾಸದಂತೆ ಅದನ್ನು ಮೂರಕ್ಕೆ ತಿರುಗಿಸಿದರು. ಫ್ಯಾನು ಗುಂಯ್‌ಗುಟ್ಟಿ ನಿಂತಿತು. ಅದೃಷ್ಟಕ್ಕೆ ಬೋರ್ಡು ಸುಟ್ಟಿರಲಿಲ್ಲ. ಮೇನ್ ಆರಿಸಿ, ಮೂರೂ ಕಡೆ ರೆಗ್ಯುಲೇಟರ್ ತೆಗೆದು ತಂತಿಯನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸಿ, ಖಾಲಿ ಜಾಗಕ್ಕೆ ಮುಚ್ಚಳ ಹಾಕಿಸಿದೆ. ಅಪ್ಪನಿಗೆ ರಿಮೋಟ್ ಒಗ್ಗಲಿಲ್ಲ. ಸ್ವಿಚ್ಚನ್ನು ಆರಿಸಿ ಹಾಕಿದರೆ ವೇಗ ಬದಲಾಗುವ ಮಾದರಿಯಾದ್ದರಿಂದ ಅವರು ಅದನ್ನೇ ಬಳಸುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಅನುಕೂಲವಿರುವುದನ್ನೇ ಕೊಳ್ಳಬೇಕು.

ಪೂರ್ಣ ವೇಗದಲ್ಲಿ ಅಳೆದರೆ ಒಂದೊಂದೂ 30 ವ್ಯಾಟ್. ಮೂರೂ ಸೇರಿ ದಿನಕ್ಕೆ 35 ಗಂಟೆಯ ಓಟಕ್ಕೆ ಸುಮಾರು 1.5 ಯೂನಿಟ್ ಉಳಿಯುತ್ತದೆ, ತಿಂಗಳಿಗೆ 44. ವಿದ್ಯುತ್ ಹೋದಾಗ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಹಂತ 5: ತಾರಸಿಗೆ ಸುಣ್ಣ (ಮಾರ್ಚ್ ಕೊನೆಯ ವಾರ)

ಎಲ್ಲಕ್ಕಿಂತ ಹೆಚ್ಚು ಮೈಮುರಿದ ಕೆಲಸ ಇದು, ಮತ್ತು ಮನೆಯವರಿಗೆಲ್ಲ ಎದ್ದು ಕಂಡ ಬದಲಾವಣೆಯೂ ಇದೇ. ನೆರೆಯ ತೆಲಂಗಾಣವು 2023ರಲ್ಲಿ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಇಂಥ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಹೊರಡಿಸಿದೆ. ಕಲಬುರಗಿಯ ಬಿಸಿಲು ಹೈದರಾಬಾದಿನ ಬಿಸಿಲಿಗಿಂತ ಕಡಿಮೆಯದಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಇದ್ದಾಗ ಇದರ ಅಗತ್ಯವಿರಲಿಲ್ಲ. ನಾಲ್ಕೈದು ಇಂಚಿನ ಸ್ಲ್ಯಾಬ್ ಬಂದ ಮೇಲೆ ರಾತ್ರಿ ಹನ್ನೊಂದಕ್ಕೂ ಸೂರು ಕಾಯುತ್ತಲೇ ಇರುತ್ತದೆ.

ಸುಣ್ಣ ಹಚ್ಚುವ ಮುಂಚೆ ಮಧ್ಯಾಹ್ನ ಎರಡು ಗಂಟೆಗೆ ಬರಿಯ ತಾರಸಿ 60 ಡಿಗ್ರಿ ಇತ್ತು. ಒಳಗೆ ಸೂರಿನ ಅಡಿಭಾಗ ಸಂಜೆ ಆರಕ್ಕೆ 41ರ ಮೇಲೆ. ಸ್ಲ್ಯಾಬ್ ಬಿಸಿ ಹೀರಿ ಕೆಳಗೆ ದಾಟಿಸಲು ಕೆಲವು ಗಂಟೆ ತೆಗೆದುಕೊಳ್ಳುವುದರಿಂದ ಒಳಗಿನ ಅಳತೆಯನ್ನು ಮಧ್ಯಾಹ್ನವಲ್ಲ, ಸಂಜೆಯೇ ತೆಗೆಯಬೇಕು.

ಸಾಮಾನು: ಸುಟ್ಟ ಸುಣ್ಣದ ಕಲ್ಲು 450 ರೂಪಾಯಿ, ಬಿಳಿ ಸಿಮೆಂಟ್ 190, ಸುಣ್ಣಕ್ಕೆ ಬೆರೆಸುವ ಬಿಳಿ ಅಂಟು 420, ಅಗಲ ಬ್ರಷ್ ಎರಡು 180, ಬಿರುಕು ತುಂಬುವ ಪುಡಿ 100, ಒಟ್ಟು 1,340. ಸುಣ್ಣವನ್ನು ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಬೇಕು. ನೀರು ಬಿದ್ದೊಡನೆ ಅದು ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಹತ್ತಿರ ಹೋಗಬಾರದು, ಮಕ್ಕಳನ್ನು ಬಿಡಲೇಬಾರದು. ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಜಾಲರಿಯಲ್ಲಿ ಸೋಸಿ, ಆಮೇಲೆ ಅಂಟು ಮತ್ತು ಬಿಳಿ ಸಿಮೆಂಟ್ ಬೆರೆಸಬೇಕು. ಬಿಸಿ ಸುಣ್ಣಕ್ಕೆ ಅಂಟು ಸುರಿದರೆ ಗಂಟುಗಂಟಾಗುತ್ತದೆ. ಬಿಳಿ ಸಿಮೆಂಟ್ ಬೆರೆಸಿದ ಸುಣ್ಣವನ್ನು ಹೆಚ್ಚು ಹೊತ್ತು ಇಡಲಾಗದ ಕಾರಣ ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಕಲಸಿಕೊಳ್ಳಬೇಕು.

ಮೊದಲ ಲೇಪ ಪೂರ್ತಿ ವ್ಯರ್ಥವಾಯಿತು. ಬೆಳಿಗ್ಗೆ ಹನ್ನೊಂದರಿಂದ ನಾನು ಮತ್ತು ತಮ್ಮ ಹಚ್ಚಿದೆವು; ಬ್ರಷ್ ಎಳೆದ ಹಿಂದೆಯೇ ಒಣಗುತ್ತಿದ್ದುದನ್ನು ಕಂಡು ಬೇಗ ಮುಗಿಯುತ್ತಿದೆ ಎಂದು ಸಂತೋಷಪಟ್ಟೆವು. ಮರುದಿನ ಅಂಗೈಯಿಂದ ಒರೆಸಿದರೆ ಸುಣ್ಣವೆಲ್ಲ ಪುಡಿಯಾಗಿ ಕೈಗೆ ಬಂತು. ಸುಣ್ಣ ಗಟ್ಟಿಯಾಗಲು ಕೆಲವು ಗಂಟೆಯಾದರೂ ತೇವ ಇರಬೇಕು, ಕಾದ ತಾರಸಿ ಅದನ್ನು ಕೂಡಲೇ ಹೀರಿಬಿಟ್ಟಿತ್ತು. ಪುಡಿಯನ್ನೆಲ್ಲ ಗಟ್ಟಿ ಪೊರಕೆಯಿಂದ ಗುಡಿಸಿ ತೆಗೆದು, ಬಿರುಕುಗಳನ್ನು ತುಂಬಿ, ಸಂಜೆ ಐದರ ನಂತರ ತಾರಸಿಗೆ ನೀರು ಹೊಯ್ದು ತಣಿಸಿ, ನೀರು ನಿಲ್ಲದಷ್ಟು ಆರಿದ ಮೇಲೆ ಮಜ್ಜಿಗೆಯಷ್ಟು ತೆಳುವಾಗಿ ಮೊದಲ ಕೈ ಹಚ್ಚಿದೆವು. ಮುಂಜಾನೆ ಬಿಸಿಲೇರುವ ಮುಂಚೆ ನೀರು ಚಿಮುಕಿಸಿ, ಅಂದಿನ ಸಂಜೆ ಅಡ್ಡಡ್ಡವಾಗಿ ಎರಡನೆಯ ಕೈ. ಇದು ಹಿಡಿಯಿತು.

ಹೋಲಿಕೆಗೆಂದು ಸ್ಟೋರ್ ರೂಮಿನ ಮೇಲಿನ ಭಾಗವನ್ನು ಬೇಕೆಂದೇ ಬರಿದಾಗಿ ಬಿಟ್ಟಿದ್ದೆ. ಏಪ್ರಿಲ್ ಮೊದಲ ವಾರ ಒಂದೇ ಹೊತ್ತಿನಲ್ಲಿ ಅಳೆದಾಗ ಬರಿಯ ಭಾಗ 61 ಡಿಗ್ರಿ, ಸುಣ್ಣದ ಭಾಗ 44. ಸಂಜೆ ಸ್ಟೋರ್ ರೂಮಿನ ಸೂರು 42, ಮಲಗುವ ಕೋಣೆಯ ಸೂರು 37. ಬೇರೆ ಬೇರೆ ದಿನಗಳ ಅಳತೆಗಿಂತ ಒಂದೇ ಮನೆಯ ಒಂದೇ ಹೊತ್ತಿನ ಈ ಅಳತೆಯನ್ನೇ ನಾನು ನಂಬುತ್ತೇನೆ. ಒಂದು ತಿಂಗಳ ಧೂಳು ಕೂತ ಮೇಲೆ 44 ಇದ್ದದ್ದು 48ಕ್ಕೆ ಏರಿತ್ತು. ಗುಡಿಸಿ ತೊಳೆದಾಗ ಮತ್ತೆ 45ಕ್ಕೆ ಬಂತು. ತಾರಸಿಯ ಮಳೆನೀರನ್ನು ಸಂಪಿಗೆ ಬಿಡುವವರು ಸುಣ್ಣ ಹಚ್ಚಿದ ವರ್ಷ ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಬೇಕು.

ಹಂತ 6: ಕೂಲರ್ ಮತ್ತು ಪಡುವಣ ಗೋಡೆ (ಏಪ್ರಿಲ್ ಮಧ್ಯ)

ಕೂಲರಿನ ಹುಲ್ಲಿನ ಪ್ಯಾಡುಗಳು ಕೊಳವೆಬಾವಿ ನೀರಿನ ಉಪ್ಪಿನಿಂದ ಕಲ್ಲಾಗಿದ್ದವು. ಮೂರಕ್ಕೂ ಸೇರಿ 270 ರೂಪಾಯಿ. ಕೂಲರನ್ನು ಕೋಣೆಯೊಳಗೆ ಇಟ್ಟು ಕಿಟಕಿ, ಬಾಗಿಲು ಹಾಕಿಕೊಳ್ಳುವುದು ನಮ್ಮ ರೂಢಿಯಾಗಿತ್ತು. ಗಂಟೆಯೊಳಗೆ ಕೋಣೆಯೆಲ್ಲ ಜಿಗಿಜಿಗಿಯಾಗಿ ವೇಗ ಹೆಚ್ಚಿಸುತ್ತಾ ಹೋಗುತ್ತಿದ್ದೆವು. ಈಗ ಕೂಲರಿನ ಬೆನ್ನು ಕಿಟಕಿಯ ಹೊರಗಿದೆ, ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರುತ್ತದೆ. ನಮ್ಮದು ಒಣ ಬಿಸಿಲಾದ್ದರಿಂದ ಒಳಬಂದ ತಂಪು ಗಾಳಿಗೆ ಹೊರಹೋಗುವ ದಾರಿ ಇದ್ದರೆ ಸಾಕು. ಸಂಜೆಯ ಸೂರೂ ತಂಪಾಗಿರುವುದರಿಂದ ಏಳು ಗಂಟೆಯ ಓಟ ಐದೂವರೆಗೆ ಇಳಿದಿದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಉಜ್ಜಬೇಕು. ಉಪ್ಪಿಗೂ ಸೊಳ್ಳೆಗೂ ಅದೇ ಮದ್ದು.

ಪಡುವಣ ಗೋಡೆಗೆ 960 ರೂಪಾಯಿಯ ಹಸಿರು ನೆರಳು ಬಲೆ ತಂದು ಕಟ್ಟಿದೆ. ಗೋಡೆಗೆ ತಾಗಿಸಿ ಕಟ್ಟಿದಾಗ ಬಲೆಯೇ ಕಾದು ಹೆಚ್ಚು ವ್ಯತ್ಯಾಸವಾಗಲಿಲ್ಲ. ಒಂದು ಅಡಿ ದೂರ ಬಿಟ್ಟು ಕಟ್ಟಿದಾಗ ಗೋಡೆಯ ಒಳಮೈ ಮೂರು ಡಿಗ್ರಿ ಇಳಿಯಿತು. ಆದರೆ ಏಪ್ರಿಲ್ ಕೊನೆಯ ಗಾಳಿಮಳೆಗೆ ಬಲೆಯ ಮೇಲಂಚು ಹರಿದುಹೋಯಿತು. ಈ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ.

ಬಿಲ್ಲಿನ ಲೆಕ್ಕ

ಒಟ್ಟು ಖರ್ಚು, ಅಳತೆಯ ಎರಡು ಸಾಧನಗಳೂ ಸೇರಿ, 24,900 ರೂಪಾಯಿ. 2025ರ ಏಪ್ರಿಲ್ ಬಳಕೆ 167 ಯೂನಿಟ್, ಹಿಂದಿನ ವರ್ಷದ ಏಪ್ರಿಲ್‌ಗಿಂತ 69 ಕಡಿಮೆ. ಅಂಶಗಳನ್ನೆಲ್ಲ ಕೂಡಿದರೆ ನೂರರ ಹತ್ತಿರ ಉಳಿಯಬೇಕಿತ್ತು. ಕೂಲರಿನ ಕೆಲಸ ಮುಗಿದದ್ದು ತಿಂಗಳ ಮಧ್ಯದಲ್ಲಿ, ರಜೆಗೆಂದು ಅಕ್ಕನ ಮಕ್ಕಳು ಬಂದಿದ್ದರು, ಜೊತೆಗೆ ಕಡಿಮೆ ವಿದ್ಯುತ್ತಿನ ಫ್ಯಾನೆಂದು ತಿಳಿದ ಮೇಲೆ ಅವು ಖಾಲಿ ಕೋಣೆಯಲ್ಲೂ ಓಡತೊಡಗಿದವು. 2025–26ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ ಇತ್ತು. ಮಿತಿ ಮೀರಿದ 27 ಯೂನಿಟ್‌ಗೆ ತೆರಿಗೆ ಸೇರಿ 180 ರೂಪಾಯಿಯ ಆಸುಪಾಸು ಬಂತು. ಹಳೆಯಂತೆ 236 ಆಗಿದ್ದರೆ ಈ ದರದಲ್ಲಿ, ಕಿಲೋವ್ಯಾಟ್‌ಗೆ 145 ರೂಪಾಯಿಯ ನಿಗದಿತ ಶುಲ್ಕವೂ ಕೂಡಿ, ಎರಡು ಸಾವಿರ ದಾಟುತ್ತಿತ್ತು.

ಮೇ ತಿಂಗಳ 139 ಯೂನಿಟ್‌ಗೆ ಶೂನ್ಯ ಬಿಲ್ ಬಂದರೂ ಅದನ್ನು ಈ ಕೆಲಸದ ಲೆಕ್ಕಕ್ಕೆ ಸೇರಿಸುತ್ತಿಲ್ಲ. ಆ ವರ್ಷ ಮೇ ತಿಂಗಳಲ್ಲೇ ರಾಜ್ಯದಲ್ಲೆಲ್ಲ ಮಳೆ ಸುರಿಯಿತು, ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು. ಕೂಲರನ್ನು ಎಷ್ಟೋ ದಿನ ಹಾಕಲೇ ಇಲ್ಲ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗೃಹಜ್ಯೋತಿಯ ಮನೆಗೆ ಉಳಿದ ತಿಂಗಳುಗಳಲ್ಲಿ ಹೇಗೂ ಬಿಲ್ ಇಲ್ಲದ್ದರಿಂದ ನಮ್ಮ ಕೈಗೆ ಉಳಿಯುವ ಹಣವೆಲ್ಲ ಬೇಸಿಗೆಯ ಎರಡು ತಿಂಗಳದ್ದೇ. ಪೂರ್ತಿ ಬಿಲ್ ಕಟ್ಟುವವರಿಗೆ ಫ್ಯಾನಿನ ಬೆಲೆ ಕೆಲವು ವರ್ಷಗಳಲ್ಲಿ ಹಿಂದಿರುಗುತ್ತದೆ, ನಮ್ಮಂಥವರಿಗೆ ಅದಕ್ಕಿಂತ ತಡ. ಕೈಯಲ್ಲಿ ಮೂರು ಸಾವಿರ ಮಾತ್ರ ಇರುವ ಮನೆಯವರು ಗ್ಯಾಸ್ಕೆಟ್, ಫುಟ್ ವಾಲ್ವ್, ಸುಣ್ಣ ಈ ಮೂರನ್ನು ಮೊದಲು ನೋಡಲಿ. ನಮಗೆ ಮೂರೂ ಸೇರಿ 2,670 ರೂಪಾಯಿಯಲ್ಲಿ ಮುಗಿದವು.

ಮಳೆಗಾಲದ ನಂತರ ನೋಡಿದರೆ ಇಳಿಜಾರಿನ ಕಡೆಯ ಸುಣ್ಣ ಬಹುಪಾಲು ತೊಳೆದುಹೋಗಿದೆ, ಟ್ಯಾಂಕಿನ ಸುತ್ತಲಿನದು ಗಟ್ಟಿಯಾಗಿದೆ. ಮುಂದಿನ ಸಲ ಫೆಬ್ರವರಿಯಲ್ಲೇ, ತಾರಸಿ ಇಷ್ಟು ಕಾಯುವ ಮುಂಚೆ, ಸ್ಟೋರ್ ರೂಮಿನ ಭಾಗವನ್ನೂ ಸೇರಿಸಿ ಹಚ್ಚಬೇಕು. ಬಲೆಗೆ ಹಗ್ಗದ ಬದಲು ಕಬ್ಬಿಣದ ಚೌಕಟ್ಟು ಮಾಡಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿದ್ದೇನೆ.